ಹೊಸ ಟ್ರ್ಯಾಕ್ಟರಿನ ಎಂಜಿನ್ ಸದ್ದು: ಕೇಳುವ ಬಗೆ, ತಿಳಿಯುವ ಬಗೆ



ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಹೊಸ ಟ್ರ್ಯಾಕ್ಟರು ಅಂಗಳಕ್ಕೆ ಬಂದಾಗ ಮಾತ್ರ ಅರಿಶಿನ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟು, ಮಾರನೆಯ ದಿನವೇ ಗೊಬ್ಬರ ಹೇರಲು ಹೂಡಿಬಿಡುತ್ತೇವೆ. ಹತ್ತಿಪ್ಪತ್ತು ದಿನ ಕಳೆಯುವಷ್ಟರಲ್ಲಿ ಅನುಮಾನವೊಂದು ಹುಟ್ಟುತ್ತದೆ: "ಎಂಜಿನ್ನು ಏನೋ ಬಡಿದುಕೊಂಡಂತೆ ಸದ್ದು ಮಾಡುತ್ತಿದೆಯಲ್ಲ?"

ಈ ಅನುಮಾನ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ದಾರಿ ಹಿಡಿಯುವುದುಂಟು. ಕೆಲವರು "ಹೊಸ ಗಾಡಿ, ಪಳಗುತ್ತದೆ ಬಿಡಿ" ಎಂದು ಸುಮ್ಮನಾಗುತ್ತಾರೆ. ಸದ್ದು ನಿಜವಾಗಿಯೂ ರೋಗದ ಗುರುತಾಗಿದ್ದರೆ ಬೇರಿಂಗು ಸವೆದು, ಕ್ರ್ಯಾಂಕ್ ಕೆಟ್ಟು, ಸಾಲದ ಕಂತು ತೀರುವ ಮೊದಲೇ ಎಂಜಿನ್ನು ಬಿಚ್ಚಬೇಕಾದೀತು. ಇನ್ನು ಕೆಲವರು ಗಾಬರಿಯಿಂದ ಹತ್ತಿರದ ಮೆಕ್ಯಾನಿಕ್ಕನ್ನು ಕರೆದು ಅದನ್ನು ಇದನ್ನು ಬಿಚ್ಚಿಸುತ್ತಾರೆ. ಸೀಲು ಒಡೆದ ಪಂಪಿಗೆ ಕಂಪನಿಯವರು ವಾರಂಟಿ ಕೊಡುವುದಿಲ್ಲ. ಆಗ ಎರಡು ದಾರಿಯಲ್ಲೂ ನಷ್ಟ ಬೆಳೆಗಾರನದೇ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಸ್ಪ್ಯಾನರು ಮುಟ್ಟದೆ ಸದ್ದನ್ನು ಸರಿಯಾಗಿ ಕೇಳುವುದು, ಕೇಳಿದ್ದನ್ನು ಬರೆದಿಡುವುದು, ಯಾವ ಸದ್ದಿಗೆ ಎಂಜಿನ್ನು ತಕ್ಷಣ ನಿಲ್ಲಿಸಬೇಕೆಂದು ತಿಳಿದಿರುವುದು. ಈ ಪಾಠದ ಉದ್ದೇಶ ಇಷ್ಟೇ.

ಡೀಸೆಲ್ ಎಂಜಿನ್ನು ಬಡಿಯುವುದು ಏಕೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಬೆಂಕಿ ಹೊತ್ತುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಸುಮಾರು ಹದಿನಾರು ಹದಿನೆಂಟು ಪಾಲು ಅದುಮಿದಾಗ ಅದು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ಲು ಡೀಸೆಲನ್ನು ಮಂಜಿನಂತೆ ಎರಚುತ್ತದೆ. ಎಣ್ಣೆ ಎರಚಿದ ಕೂಡಲೇ ಹೊತ್ತಿಕೊಳ್ಳುವುದಿಲ್ಲ, ಒಂದು ಅರೆಕ್ಷಣ ತಡವಾಗುತ್ತದೆ. ಆ ಅರೆಕ್ಷಣದಲ್ಲಿ ಸೇರಿಕೊಂಡ ಎಣ್ಣೆಯೆಲ್ಲ ಒಮ್ಮೆಲೇ ಹೊತ್ತಿದಾಗ ಒತ್ತಡ ತಟ್ಟನೆ ಏರುತ್ತದೆ. ನಾವು ಕೇಳುವ "ಟಕ್ ಟಕ್" ಅದೇ.

ಎಂಜಿನ್ನು ತಣ್ಣಗಿದ್ದಷ್ಟೂ ಈ ತಡ ಹೆಚ್ಚು, ಸದ್ದೂ ಹೆಚ್ಚು. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಮಾರ್ಗಶಿರ ಪುಷ್ಯದ ಬೆಳಗಿನಲ್ಲಿ ಟ್ರ್ಯಾಕ್ಟರು ಹೊರಡಿಸಿದಾಗ ಅದು ಬಡಿಯುವುದು ಸಹಜ. ಐದಾರು ನಿಮಿಷ ಹಗುರವಾಗಿ ಓಡಿ ಬಿಸಿಯಾದ ಮೇಲೆ ಆ ಸದ್ದು ತಗ್ಗಿದರೆ ಚಿಂತೆಗೆ ಕಾರಣವಿಲ್ಲ. ಬಿಸಿಯಾದ ಮೇಲೂ ತಗ್ಗದಿದ್ದರೆ, ಅಥವಾ ಬಿಸಿಯಾದಂತೆ ಏರುತ್ತ ಹೋದರೆ ವಿಚಾರಿಸಬೇಕು.

ಎಣ್ಣೆಯ ಗುಣವೂ ಇಲ್ಲಿ ಮುಖ್ಯ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಬಿ.ಎಸ್. 6 ದರ್ಜೆಯ ಡೀಸೆಲಿಗೆ ಸೀಟೇನ್ ಅಂಕ ಕನಿಷ್ಠ 51 ಇರಬೇಕೆಂಬ ನಿಯಮವಿದೆ. ಎಣ್ಣೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ ಈ ಅಂಕ. ಸೀಮೆಎಣ್ಣೆ ಬೆರೆತರೆ ಅಂಕ ತಗ್ಗಿ ಬಡಿತ ಹೆಚ್ಚುತ್ತದೆ. ಪಂಪಿನ ಒಳಭಾಗಗಳಿಗೆ ಸಿಗಬೇಕಾದ ಜಿಡ್ಡೂ ಕಡಿಮೆಯಾಗುತ್ತದೆ. ಹೊಸದಾಗಿ ಎಣ್ಣೆ ತುಂಬಿಸಿದ ದಿನದಿಂದಲೇ ಸದ್ದು ಶುರುವಾಗಿದ್ದರೆ ಮೊದಲು ಎಣ್ಣೆಯನ್ನೇ ಅನುಮಾನಿಸಿರಿ.

ಟಿಲ್ಲರಿಗೆ ಪಳಗಿದ ಕಿವಿ

ನಮ್ಮ ತೋಟಗಳಲ್ಲಿ ಅನೇಕರು ಟಿಲ್ಲರಿನಿಂದ ಟ್ರ್ಯಾಕ್ಟರಿಗೆ ಬಂದವರು. 1967ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಿಸಿದ ಟಿಲ್ಲರುಗಳು ಮಲೆನಾಡಿನ ಎಷ್ಟೋ ಗದ್ದೆ ತೋಟಗಳಲ್ಲಿ ದುಡಿದಿವೆ. ಟಿಲ್ಲರಿನದು ಒಂಟಿ ಸಿಲಿಂಡರು. ಅದರ ಒಂದೊಂದು ಹೊಡೆತವೂ ಬೇರೆ ಬೇರೆಯಾಗಿ ಕೇಳುತ್ತದೆ, ನಮ್ಮ ಕಿವಿ ಅದಕ್ಕೆ ಪಳಗಿದೆ.

9 ಅಡಿಗೆ 9 ಅಡಿ ಅಂತರದ ಅಡಿಕೆ ಸಾಲುಗಳ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹಲವು ಮೂರು ಸಿಲಿಂಡರಿನವು. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ ಒಂಟಿ ಸಿಲಿಂಡರು 400 ಸಲ ಹೊಡೆದರೆ, ಮೂರು ಸಿಲಿಂಡರು 1200 ಸಲ ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ 20 ಸಲ. ಇಷ್ಟು ಬೇಗ ಬಂದ ಹೊಡೆತಗಳು ಕಿವಿಗೆ ಬಿಡಿಯಾಗಿ ಕೇಳುವುದಿಲ್ಲ, ಒಂದೇ ಗುಂಯ್‌ಗುಡುವ ಸದ್ದಾಗಿ ಬೆರೆಯುತ್ತವೆ. ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಗಮನಿಸಬೇಕಾದದ್ದು ಸದ್ದು ದೊಡ್ಡದೋ ಸಣ್ಣದೋ ಎಂಬುದಕ್ಕಿಂತ, ಲಯ ಸಮನಾಗಿದೆಯೋ ಇಲ್ಲವೋ ಎಂಬುದನ್ನು. ಎರಡು ಹೊಡೆದು ಒಂದು ಬಿಟ್ಟಂತೆ, ಕುಂಟೆತ್ತು ನಡೆದಂತೆ ಲಯ ತಪ್ಪಿದರೆ ಒಂದು ಸಿಲಿಂಡರು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು.

ಎಲ್ಲಿ ನಿಂತು ಕೇಳಬೇಕು?

ಈ ಲೇಖನ ಬರೆಯುತ್ತಿರುವುದು ಬೆಂಗಳೂರಿನ ಓಕಳಿಪುರಂನಿಂದ. ದೊಡ್ಡ ರೈಲ್ವೆ ನಿಲ್ದಾಣದ ಮಗ್ಗುಲಲ್ಲೇ ಇರುವ ಈ ಬಡಾವಣೆಯಲ್ಲಿ ಹಳಿಗಳ ಕೆಳಗೆ ಹಾದುಹೋಗುವ ರಸ್ತೆ ತಮ್ಮಲ್ಲಿ ಹಲವರಿಗೆ ಗೊತ್ತು. ಬಯಲಿನಲ್ಲಿ ಸದ್ದಿಲ್ಲದೆ ಬಂದ ಲಾರಿಯೇ ಆ ಸೇತುವೆಯಡಿ ಹೊಕ್ಕ ಕೂಡಲೇ ಗುಡುಗುತ್ತದೆ. ಎಂಜಿನ್ನು ಬದಲಾಗಿಲ್ಲ, ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತಿವೆ. ಜಂಬಿಟ್ಟಿಗೆ ಗೋಡೆಯ, ತಗಡು ಮಾಡಿನ ನಮ್ಮ ಶೆಡ್ಡಿನಲ್ಲೂ ಹೀಗೇ. ಆದ್ದರಿಂದ ಸದ್ದಿನ ಪರೀಕ್ಷೆಯನ್ನು ಶೆಡ್ಡಿನಲ್ಲಿ ಮಾಡಬೇಡಿ. ಅಡಿಕೆ ಒಣಗಿಸುವ ಅಂಗಳದಂಥ ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿಕೊಳ್ಳಿ. ಶೆಡ್ಡಿನೊಳಗೆ ಹೊಗೆ ತುಂಬುವ ಅಪಾಯವೂ ಇದರಿಂದ ತಪ್ಪುತ್ತದೆ.

ಹೊರಡಿಸುವ ಮೊದಲು ಎಂಜಿನ್ ಆಯಿಲಿನ ಮಟ್ಟ, ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟಿನ ಬಿಗಿ, ಡೀಸೆಲ್ ಫಿಲ್ಟರಿನಡಿ ನೀರು ನಿಂತಿದೆಯೇ ಎಂಬುದನ್ನು ನೋಡಬೇಕು. ಆಯಿಲಿನ ಕಡ್ಡಿಯನ್ನು ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಎಂಜಿನ್ನು ನಿಲ್ಲಿಸಿ ಹತ್ತು ನಿಮಿಷವಾದರೂ ಆಗಿರಬೇಕು.

ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡ್‌ಬ್ರೇಕು ಹಾಕಿರಿ. ಪಂಚೆ, ಹೆಗಲ ಮೇಲಿನ ಟವೆಲು, ಸೆರಗು ಫ್ಯಾನಿನ ಹತ್ತಿರ ಬಾರದಂತೆ ಎಚ್ಚರ ವಹಿಸತಕ್ಕದ್ದು. ಮಕ್ಕಳನ್ನು ದೂರ ಕಳಿಸಿ.

ಸದ್ದಿನ ಜಾಗ ಹಿಡಿಯಲು ಬೆಲೆಬಾಳುವ ಉಪಕರಣವೇನೂ ಬೇಡ. ಚೆನ್ನಾಗಿ ಒಣಗಿದ, ಮೂರಡಿ ಉದ್ದದ ಗಟ್ಟಿ ಮರದ ಕೋಲು ಸಾಕು. ಒಂದು ತುದಿಯನ್ನು ಎಂಜಿನ್ನಿನ ತಿರುಗದ ಭಾಗಕ್ಕೆ ಊರಿ, ಇನ್ನೊಂದು ತುದಿಗೆ ಹೆಬ್ಬೆರಳನ್ನಿಟ್ಟು ಅದನ್ನು ಕಿವಿಯ ಎದುರಿನ ಎಲುಬಿಗೆ ಒತ್ತಿರಿ. ಕೋಲನ್ನು ಕಿವಿಯೊಳಗೆ ತೂರಿಸಬಾರದು. ಮೇಲಿನ ಮುಚ್ಚಳ, ಮಗ್ಗುಲು, ಕೆಳಗಿನ ಆಯಿಲ್ ಚೇಂಬರು ಎಂದು ಒಂದೊಂದೇ ಕಡೆ ಊರುತ್ತ ಹೋದರೆ ಸದ್ದು ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿಯೇ ಅದರ ಮೂಲವಿದೆ.

ಸದ್ದಿಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ವೈದ್ಯರು ಜ್ವರ ಎಂದಾಗ ಯಾವಾಗಿನಿಂದ, ಚಳಿಯಿದೆಯೇ, ರಾತ್ರಿ ಹೆಚ್ಚೇ ಎಂದು ಕೇಳುವಂತೆ ಇಲ್ಲೂ ನಾಲ್ಕು ಪ್ರಶ್ನೆಗಳಿವೆ.

1. ತಣ್ಣಗಿದ್ದಾಗಲೋ, ಬಿಸಿಯಾದಾಗಲೋ? ತಣ್ಣಗಿದ್ದಾಗ ಇದ್ದು ಬಿಸಿಯಾದಾಗ ಹೋಗುವುದು ಬಹುಮಟ್ಟಿಗೆ ಉರಿಯುವಿಕೆಯ ಸಹಜ ಸದ್ದು. ಬಿಸಿಯಾದಾಗ ಹೆಚ್ಚುವ ಸದ್ದು ಹಾಗಲ್ಲ. ಆಯಿಲು ಬಿಸಿಯಾಗಿ ತೆಳುವಾದಾಗ ಬೇರಿಂಗಿನ ದೋಷ ಹೊರಬೀಳುತ್ತದೆ.

2. ಖಾಲಿ ಓಡುವಾಗಲೋ, ಭಾರ ಎಳೆಯುವಾಗಲೋ? ಟ್ರಾಲಿ ತುಂಬ ಗೊಬ್ಬರ ಹೇರಿ ಏರು ಹತ್ತುವಾಗ ಮಾತ್ರ ಬಡಿದರೆ ಮೊದಲು ಗೇರು ನೋಡಿ. ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಎಳೆಸಿದರೆ ಹೊಸ ಎಂಜಿನ್ನೂ ಕಪ್ಪು ಹೊಗೆ ಕಾರಿ ದಡದಡ ಬಡಿಯುತ್ತದೆ. ಕೆಳಗಿನ ಗೇರಿಗೆ ಇಳಿಸಿದ ಕೂಡಲೇ ಸದ್ದು ನಿಂತರೆ ದೋಷ ಚಾಲನೆಯದು, ಎಂಜಿನ್ನಿನದಲ್ಲ.

3. ವೇಗದೊಂದಿಗೆ ಹೇಗೆ ಬದಲಾಗುತ್ತದೆ? ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟು ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ವಾಲ್ವಿನ ಟಿಕ್ ಟಿಕ್ ನಿಧಾನವಾಗಿ, ಮೇಲಿನಿಂದ ಕೇಳುತ್ತದೆ. ಕ್ರ್ಯಾಂಕಿನ ಸದ್ದು ಅದಕ್ಕೆ ಇಮ್ಮಡಿ ಬೇಗ, ಕೆಳಗಿನಿಂದ ಕೇಳುತ್ತದೆ. ಒಂದೇ ಒಂದು ವೇಗದಲ್ಲಿ ಮಾತ್ರ ಗಡಗಡಿಸಿ ಮುಂದೆ ಇಲ್ಲವಾದರೆ ಬಾನೆಟ್ಟು, ಸೈಲೆನ್ಸರು, ಬ್ಯಾಟರಿಯ ಪಟ್ಟಿ ಮುಂತಾದ ಯಾವುದೋ ಸಡಿಲವಾಗಿರುತ್ತದೆ.

4. ಕ್ಲಚ್ಚು ತುಳಿದರೆ ಏನಾಗುತ್ತದೆ? ತುಳಿದಾಗ ಮಾತ್ರ ಹುಟ್ಟುವ ಸದ್ದು ಕ್ಲಚ್ಚಿನ ಬೇರಿಂಗಿನದು. ತುಳಿದಾಗ ನಿಂತು ಬಿಟ್ಟಾಗ ಮರಳುವುದು ಗೇರ್‌ಬಾಕ್ಸಿನ ಕಡೆಯದು. ಪಿ.ಟಿ.ಓ. ಬಿಡಿಸಿದಾಗ ಸದ್ದು ಹೋದರೆ ಎಂಜಿನ್ನನ್ನು ದೂರಬೇಡಿ, ಸ್ಪ್ರೇಯರನ್ನೋ ಅದರ ಶಾಫ್ಟನ್ನೋ ನೋಡಿರಿ. ಲಿಫ್ಟು ಎತ್ತುವಾಗ ಮಾತ್ರ ಗುರುಗುಟ್ಟಿದರೆ ಹೈಡ್ರಾಲಿಕ್ ಆಯಿಲು ಕಡಿಮೆಯಾಗಿರಬಹುದು. "ಎಂಜಿನ್ ಸದ್ದು" ಎಂಬ ದೂರು ಎಷ್ಟೋ ಸಲ ಎಂಜಿನ್ನಿನದಾಗಿರುವುದಿಲ್ಲ.

ಸದ್ದಿನಿಂದ ಕಾರಣಕ್ಕೆ

ಮೇಲಿನಿಂದ ಹಗುರವಾದ ಟಿಕ್ ಟಿಕ್: ವಾಲ್ವಿನ ಟ್ಯಾಪೆಟ್ಟು. ವಾಲ್ವಿನ ಕಡ್ಡಿಗೂ ರಾಕರಿಗೂ ನಡುವೆ ಒಂದು ಮಿಲಿಮೀಟರಿನ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿನಷ್ಟು ಸಂದು ಇರುವುದು ವಾಡಿಕೆ. ಸರಿಯಾದ ಅಳತೆ ತಮ್ಮ ಗಾಡಿಯ ಕೈಪಿಡಿಯಲ್ಲಿದೆ. ಹೊಸ ಎಂಜಿನ್ನಿನ ಭಾಗಗಳು ಪಳಗುವಾಗ ಈ ಸಂದು ಬದಲಾಗುವುದರಿಂದ ಮೊದಲ ಸರ್ವಿಸಿನಲ್ಲಿ ಅದನ್ನು ಸರಿಪಡಿಸುತ್ತಾರೆ. ಇಲ್ಲಿ ಒಂದು ಮಾತು. ಸದ್ದೇ ಇರಬಾರದೆಂದು ಸಂದನ್ನು ತೀರ ಬಿಗಿ ಮಾಡಿಸಬೇಡಿ. ಬಿಗಿಯಾದ ವಾಲ್ವು ಸದ್ದು ಮಾಡುವುದಿಲ್ಲ, ನಿಜ. ಆದರೆ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಎಂಜಿನ್ನೆಲ್ಲ ಆರೋಗ್ಯವಂತ ಎಂಜಿನ್ನಲ್ಲ.

ಒಂದೇ ಸಿಲಿಂಡರಿನಿಂದ ಚುರುಕಾದ ಬಡಿತ, ಜೊತೆಗೆ ಕಪ್ಪು ಹೊಗೆ: ನಾಜಲ್ಲು ಎರಚುವ ಬದಲು ತೊಟ್ಟಿಕ್ಕುತ್ತಿರಬಹುದು. ಕಸ ಅಥವಾ ನೀರು ಸೇರಿದ ಡೀಸೆಲಿನಿಂದ ಹೊಸ ನಾಜಲ್ಲೂ ಹೀಗಾಗುವುದುಂಟು.

ಲಯ ತಪ್ಪಿ ಏರಿಳಿಯುವ ಸದ್ದು: ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆ. ಟ್ಯಾಂಕು ಬರಿದಾಗುವವರೆಗೆ ಓಡಿಸಿದಾಗ ಅಥವಾ ಫಿಲ್ಟರು ಬದಲಿಸಿದ ಮೇಲೆ ಇದು ಸಾಮಾನ್ಯ. ಕೈಪಿಡಿಯಲ್ಲಿ ಹೇಳಿದಂತೆ ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಬೇಕು. ಕೈಪಿಡಿ ಅನುಮತಿಸಿದ್ದರೆ ಇದನ್ನು ಬೆಳೆಗಾರರೇ ಮಾಡಬಹುದು.

ಸುಯ್ ಅಥವಾ ಚುಸ್ ಚುಸ್: ಹೊಗೆ ಕೊಳವೆಯ ಪ್ಯಾಕಿಂಗು ಸೋರುತ್ತಿದ್ದರೆ ಆ ಜಾಗದಲ್ಲಿ ಮಸಿ ಹಿಡಿದಿರುತ್ತದೆ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸಡಿಲವಾಗಿದ್ದರೂ ಹೀಗೆ ಕೇಳುತ್ತದೆ. ಇದು ಸಣ್ಣ ಸದ್ದು, ಹಾನಿ ದೊಡ್ಡದು. ಸೋಸದ ಧೂಳು ಒಳಹೊಕ್ಕು ಪಿಸ್ಟನ್ನಿನ ರಿಂಗುಗಳನ್ನು ಉಜ್ಜಿಹಾಕುತ್ತದೆ. ಕ್ಲಿಪ್ಪನ್ನು ಅಂದೇ ಬಿಗಿ ಮಾಡಿರಿ.

ಕೀಂಯ್ ಎಂಬ ಕಿರುಚು: ಫ್ಯಾನ್ ಬೆಲ್ಟು ಸಡಿಲ. ಎಂಜಿನ್ನು ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿದಾಗ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚು ಬಗ್ಗಿದರೆ ಬಿಗಿ ಮಾಡಬೇಕು.

ಕೆಳಗಿನಿಂದ ಭಾರವಾದ ದಡ್ ದಡ್: ಇದು ಬೇರಿಂಗಿನ ಸದ್ದು. ಇದಕ್ಕೆ ಕಾದು ನೋಡುವ ಮಾತಿಲ್ಲ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ಅ) ಹೊರಡಿಸಿದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಒತ್ತಡದ ದೀಪ ಆರದಿದ್ದರೆ, ಅಥವಾ ಓಡುವಾಗ ಅದು ಹೊತ್ತಿದರೆ. ಕಡಿದಾದ ಇಳಿಜಾರಿನಲ್ಲಿ ದೀಪ ಮಿಣುಕಿದರೂ ಆಯಿಲಿನ ಮಟ್ಟ ನೋಡದೆ ಮುಂದುವರಿಯಬಾರದು.

ಆ) ಕೆಳಗಿನಿಂದ ದಡ್ ದಡ್ ಕೇಳಿದರೆ.

ಇ) ಇದ್ದಕ್ಕಿದ್ದಂತೆ ಲೋಹಕ್ಕೆ ಲೋಹ ತಾಗಿದ ಸದ್ದು ಹುಟ್ಟಿದರೆ.

ಈ) ಸದ್ದಿನ ಜೊತೆಗೆ ಆಯಿಲಿನ ಬಣ್ಣ ಹಾಲು ಬೆರೆತ ಕಾಫಿಯಂತಾಗಿದ್ದರೆ. ಇದರರ್ಥ ಆಯಿಲಿಗೆ ನೀರು ಸೇರಿದೆ.

ಇಂಥ ಸಂದರ್ಭದಲ್ಲಿ "ಮನೆಯವರೆಗೆ ಹೋಗಿಬಿಡೋಣ" ಎನ್ನಬೇಡಿ. ಅರ್ಧ ಕಿಲೋಮೀಟರಿನ ಆ ಓಟ ಬೇರಿಂಗಿನ ಖರ್ಚನ್ನು ಕ್ರ್ಯಾಂಕಿನ ಖರ್ಚಾಗಿ ಮಾಡೀತು. ಇದ್ದಲ್ಲೇ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ.

ಮುಟ್ಟಬಾರದ ಜಾಗ

ಡೀಸೆಲ್ ಪಂಪನ್ನು ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ಕುಗಳು "ಮೈಕೋ ಪಂಪು" ಎಂದೇ ಕರೆಯುವುದುಂಟು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು, ನಾಜಲ್ಲು ತಯಾರಿಸಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚುಟುಕು ಹೆಸರು ಅದು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದಾಯಿತು. ಈ ಪಂಪಿನ ಒಳಭಾಗಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಅಳತೆಯಲ್ಲಿ ಕೂಡಿಸಿದವು. ಅದನ್ನು ಪರೀಕ್ಷಿಸುವ ಬೆಂಚು ಇಲ್ಲದ ಕಡೆ ಬಿಚ್ಚುವುದು ಸಲ್ಲದು.

ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರು ಬಡಿಯುತ್ತಿದೆ ಎಂದು ಪತ್ತೆ ಹಚ್ಚುವ ಕ್ರಮ ಹಳೆಯ ಎಂಜಿನ್ನುಗಳಲ್ಲಿ ರೂಢಿಯಲ್ಲಿದೆ. ಹೊಸ ಗಾಡಿಯಲ್ಲಿ ಇದನ್ನು ಡೀಲರಿನ ಮೆಕ್ಯಾನಿಕ್ಕಿಗೇ ಬಿಡಬೇಕು. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್ ಪದ್ಧತಿಯ ಎಂಜಿನ್ನುಗಳು ಬಂದಿವೆ. ಅವುಗಳಲ್ಲಿ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರುತ್ತದೆ. ಅಂಥ ಪೈಪನ್ನು ಎಂಜಿನ್ನು ಓಡುವಾಗ ಯಾರೂ ಸಡಿಲಿಸಬಾರದು. ಯಾವ ಎಂಜಿನ್ನಿನಲ್ಲೇ ಆಗಲಿ, ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿದರೆ ಗಾಯ ಸಣ್ಣದಾಗಿ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಬರೆದಿಡುವ ಕ್ರಮ

ಡೀಲರಿಗೆ "ಸದ್ದು ಬರುತ್ತಿದೆ" ಎಂದಷ್ಟೇ ಹೇಳಿದರೆ "ಹೊಸದರಲ್ಲಿ ಹಾಗೇ ಇರುತ್ತದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಳಗಿನಂತೆ ಬರೆದು ಕೊಟ್ಟರೆ ಆ ಉತ್ತರ ಕೊಡುವುದು ಕಷ್ಟ. ಮಾದರಿಗೆ:

"ಅವರ್ ಮೀಟರು 62 ಗಂಟೆ. ಮೊದಲ ಸರ್ವಿಸು 50 ಗಂಟೆಗೆ ಆಗಿದೆ. ಬೆಳಗ್ಗೆ ಸದ್ದಿಲ್ಲ. ಅರ್ಧ ಗಂಟೆ ಓಡಿದ ಮೇಲೆ ಐಡ್ಲಿಂಗಿನಲ್ಲಿ ಟಕ್ ಟಕ್, ಮುಂದಿನ ಸಿಲಿಂಡರಿನ ಬಳಿ ಗಟ್ಟಿ. ಕ್ಲಚ್ಚು ತುಳಿದರೂ ಬದಲಾಗುವುದಿಲ್ಲ. ಹೊಗೆ ಕಪ್ಪು. ಆಯಿಲಿನ ಮಟ್ಟ ಸರಿ, ದೀಪ ಆರುತ್ತದೆ. ಡೀಸೆಲ್ ಎಂದಿನ ಬಂಕಿನದು."

ಮೊಬೈಲಿನಲ್ಲಿ ಸದ್ದನ್ನು ಹಿಡಿದಿಟ್ಟುಕೊಳ್ಳುವುದೂ ಒಳ್ಳೆಯದೇ. ಪ್ರತಿ ಸಲವೂ ಅದೇ ಜಾಗದಲ್ಲಿ, ಅಷ್ಟೇ ದೂರದಿಂದ ಹಿಡಿಯಿರಿ. ಆದರೆ ಕೆಳಗಿನಿಂದ ಬರುವ ಭಾರವಾದ ಸದ್ದು ಮೊಬೈಲಿನಲ್ಲಿ ಸರಿಯಾಗಿ ಮೂಡುವುದಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸಿ "ಏನೂ ಇಲ್ಲ ಅಪ್ಪಾ" ಎಂದು ಅವನು ಹೇಳಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ.

ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರತಿ ಸಲದ ಜಾಬ್ ಕಾರ್ಡಿನ ನಕಲು ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ತಾವು ಹೇಳಿದ ದೂರನ್ನೇ ಬರೆದಿದ್ದಾರೆಯೇ ಎಂದು ಓದಿ ಸಹಿ ಹಾಕಿ. ಮೊದಲ ಸರ್ವಿಸನ್ನು ತಪ್ಪಿಸಿದರೆ ವಾರಂಟಿಯ ಹಕ್ಕು ದುರ್ಬಲವಾಗುತ್ತದೆಂಬುದನ್ನು ಮರೆಯಬಾರದು. ವಾರಂಟಿಯ ಅವಧಿಯಲ್ಲಿ ಹೇಳಿಯೂ ಸರಿಪಡಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡ ವಸ್ತುವನ್ನು ಆ ಕಾಯಿದೆ ವ್ಯಾಪಾರದ ಲೆಕ್ಕಕ್ಕೆ ಸೇರಿಸುವುದಿಲ್ಲ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಸಲ್ಲಿಸಬೇಕು. ಅಲ್ಲಿ ನಿಲ್ಲುವುದು ಬಾಯಿಮಾತಲ್ಲ, ಈ ಕಾಗದಗಳೇ.

ಪಳಗಿಸುವ ದಿನಗಳು

ಕೊನೆಯದಾಗಿ, ಮೊದಲ 50 ಗಂಟೆ ಹೊಸ ಎಂಜಿನ್ನನ್ನು ಹೋರಿ ಪಳಗಿಸುವಂತೆ ನಡೆಸಿಕೊಳ್ಳಬೇಕು. ಪೂರ್ತಿ ಭಾರ ಹೇರಬೇಡಿ. ಗಂಟೆಗಟ್ಟಲೆ ಸುಮ್ಮನೆ ಐಡ್ಲಿಂಗಿನಲ್ಲಿ ಓಡಿಸುವುದೂ ಹಿತವಲ್ಲ. ಹಾಗೆ ಮಾಡಿದರೆ ರಿಂಗುಗಳು ಸಿಲಿಂಡರಿನ ಗೋಡೆಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಹದವಾದ ಭಾರ, ಬದಲಾಗುವ ವೇಗ, ಇದು ಸರಿಯಾದ ಕ್ರಮ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕು ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಒಳಗೆ ನೀರು ಹನಿಗಟ್ಟುವುದು ಕಡಿಮೆ. ಡ್ರಮ್ಮಿನ ಡೀಸೆಲನ್ನು ಸೋಸದೆ ಸುರಿಯಬೇಡಿ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡುವುದೇ ಎರಡು ಮೂರು ದಿನ. ಆ ದಿನಗಳಲ್ಲಿ ಸ್ಪ್ರೇಯರು ಓಡಿಸಬೇಕಾದ ಟ್ರ್ಯಾಕ್ಟರು ಶೆಡ್ಡಿನಲ್ಲಿ ನಿಂತರೆ ನಷ್ಟ ರಿಪೇರಿಯ ಬಿಲ್ಲಿಗೆ ಮುಗಿಯುವುದಿಲ್ಲ, ಗೊನೆಯವರೆಗೂ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಗಾಡಿಯ ಪಕ್ಕದಲ್ಲಿ ನಿಂತು ಕೇಳಿರಿ. ಸರಿಯಿದ್ದಾಗಿನ ಸದ್ದು ಕಿವಿಗೆ ಗೊತ್ತಿದ್ದರೆ ಕೆಟ್ಟಾಗಿನ ಸದ್ದು ತಾನೇ ತಿಳಿಯುತ್ತದೆ.